ಗಡಸುನೀರಿನ ಆದೇಶ ಪ್ರಕರಣ

ಆನೆಗಳಿಗೆ ಲಕ್ಷಣಶಾಸ್ತ್ರವಿದೆ, ಕುದುರೆಗಳಿಗೂ ಇದೆ. ನಾಯಿಕೆಯರಿಗೆ ಎಂಟು ಅವಸ್ಥೆಗಳನ್ನು ಹಂಚಿಕೊಟ್ಟ ಆಲಂಕಾರಿಕರಿದ್ದಾರೆ. ಹಲ್ಲಿ ಯಾವ ಭುಜದ ಮೇಲೆ ಬಿದ್ದರೆ ಏನು ಫಲ ಎಂಬುದಕ್ಕೂ ಪಂಚಾಂಗದ ಕೊನೆಯಲ್ಲಿ ಒಂದು ಪುಟ ಮೀಸಲಿದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನಲ್ಲಿಯಲ್ಲಿ ಬರುವ ನೀರಿಗೆ ಮಾತ್ರ ಶಾಸ್ತ್ರವಿಲ್ಲ. ಇರುವುದೆಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ. ಅಲ್ಲಿ ಸೂತ್ರಕ್ಕಿಂತ ಭಾಷ್ಯ ಹೆಚ್ಚು, ಭಾಷ್ಯಕ್ಕಿಂತ ಬೈಗುಳ ಹೆಚ್ಚು. ಆ ಕೊರತೆಯನ್ನು ನೀಗಲೆಂದು ಈ ಪ್ರಕರಣ.

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡಬೇಕು. ವಿಷಯ: ಗಡಸು ನೀರನ್ನು ಅಯಾನು ವಿನಿಮಯದಿಂದ ಮೆದುಮಾಡುವುದು, ಲೋಕರೂಢಿಯಲ್ಲಿ ‘ಸಾಫ್ಟ್‌ನರ್’. ಪ್ರಯೋಜನ: ಗೀಸರಿನ ಆಯುರ್ವೃದ್ಧಿ, ಸಂಘದ ಸಭೆಯಲ್ಲಿ ವಾದದ ಗೆಲುವು. ಸಂಬಂಧ: ಉಪ್ಪಿಗೂ ನೀರಿಗೂ ಇರುವಂಥದು. ಅಧಿಕಾರಿ: ಯಾರ ಮನೆಯ ಗೀಸರಿನ ಕಾಯಿಲ್ ಸುಣ್ಣ ಕಟ್ಟಿ ಒಮ್ಮೆಯಾದರೂ ಸುಟ್ಟಿದೆಯೋ ಅವರು. ಕರಾವಳಿ, ಮಲೆನಾಡಿನವರಿಗೆ ಇದರಲ್ಲಿ ಅಧಿಕಾರವಿಲ್ಲ. ಜಂಬಿಟ್ಟಿಗೆ ನೆಲದ ಬಾವಿಯ ಮೆದು ನೀರಿನಲ್ಲಿ ಮಿಂದು ಬೆಳೆದವರು ಸೋಪು ಎಂದರೆ ನೊರೆ ಬರುವ ವಸ್ತು ಎಂದೇ ನಂಬಿರುತ್ತಾರೆ. ಅಂಥವರು ಕೆಲಸ ಸಿಕ್ಕಿ ವೈಟ್‌ಫೀಲ್ಡಿಗೋ ಸರ್ಜಾಪುರ ರಸ್ತೆಗೋ ಬಂದು ಮೊದಲ ಸಲ ತಲೆಗೆ ನೀರು ಹುಯ್ದುಕೊಂಡ ದಿನವೇ ಅವರಿಗೆ ಅಧಿಕಾರ ಪ್ರಾಪ್ತವಾಗುತ್ತದೆ.

ಕುಲ ಪ್ರಕರಣ

ಸೂತ್ರ: ಹುಟ್ಟಿನ ಭೇದದಿಂದ ನೀರು ಐದು ಬಗೆ.

ಮೊದಲನೆಯದು ಆಕಾಶಜ, ಅಂದರೆ ಮಳೆ. ಇದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಇದು ಅತ್ಯಂತ ಮೆದುವಾದ ನೀರು. ಬೆಂಗಳೂರಿಗರು ಇದನ್ನು ರಸ್ತೆಯ ಮೇಲೆ ಹರಿಯಬಿಟ್ಟು, ನಿಂತಲ್ಲಿ ಅದರ ಫೋಟೋ ತೆಗೆದು ಬೈಯುತ್ತಾರೆ.

ಎರಡನೆಯದು ನದೀಜ. ಇಲ್ಲಿ ನದೀಜವೆಂದರೆ ಕಾವೇರಿ ಒಂದೇ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪೈಪಿನಲ್ಲಿ ನಡೆದು, ಹಂತಹಂತವಾಗಿ ಪಂಪುಗಳ ಹೆಗಲೇರಿ ಬರುವ ಈ ನೀರು ಕುಲೀನ. ಫ್ಲ್ಯಾಟ್ ಕೊಳ್ಳುವವರು ಪೂರ್ವದಿಕ್ಕಿನ ಬಾಗಿಲಿನ ಬಗ್ಗೆ ಕೇಳುವ ಮುಂಚೆ ‘ಕಾವೇರಿ ಇದೆಯಾ?’ ಎಂದು ಕೇಳುವುದು ಇದನ್ನೇ. 1974ರಲ್ಲಿ ಮೊದಲ ಹಂತ, 2024ರಲ್ಲಿ ಐದನೆಯ ಹಂತ. ಐದನೆಯದು ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಬಂದದ್ದು. ಕಾವೇರಿ ಬಂದ ಕಟ್ಟಡದಲ್ಲಿಯೂ ಅದು ಸಂಪಿನೊಳಗೆ ಬೋರ್ ನೀರಿನೊಡನೆ ಕೂಡಿ ವರ್ಣಸಂಕರವಾಗುವುದೇ ಹೆಚ್ಚು.

ಮೂರನೆಯದು ತಟಾಕಜ, ಕೆರೆಯ ನೀರು. ಈ ಕುಲ ನಗರದ ಒಳಗೆ ಬಹುಮಟ್ಟಿಗೆ ನಾಮಾವಶೇಷ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಇವುಗಳ ಗಡಸುತನ ಅಳೆಯುವುದು ಶಾಸ್ತ್ರದ ವ್ಯಾಪ್ತಿಗೆ ಬಾರದು.

ನಾಲ್ಕನೆಯದು ಪಾತಾಳಜ, ಬೋರ್‌ವೆಲ್ಲಿನದು. ಈ ಪ್ರಕರಣದ ಖಳನಾಯಕ. ಆದ್ದರಿಂದಲೇ ಕಥೆಯೆಲ್ಲ ಇವನದು. ಮಳೆನೀರು ಮಣ್ಣಿಗೆ ಇಳಿಯುವಾಗ, ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಕೊಂಚ ಹುಳಿಯಾಗುತ್ತದೆ. ಕೆಳಗಿರುವುದು ಲಾಲ್‌ಬಾಗಿನ ಗುಡ್ಡದಲ್ಲಿ ತಲೆ ಎತ್ತಿರುವ ಅದೇ ಪುರಾತನ ನೈಸ್ ಶಿಲೆ, ಸುಮಾರು 300 ಕೋಟಿ ವರ್ಷ ಹಳೆಯದು. ಹುಳಿನೀರು ಅದರ ಬಿರುಕುಗಳಲ್ಲಿ ಕೂತು ಫೆಲ್ಡ್‌ಸ್ಪಾರ್, ಹಾರ್ನ್‌ಬ್ಲೆಂಡ್ ಖನಿಜಗಳನ್ನು ನಿಧಾನವಾಗಿ ಕೊರೆದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನು ಕಸಿದುಕೊಳ್ಳುತ್ತದೆ. ಬಯಲುಸೀಮೆಯ ಮಣ್ಣಿನಲ್ಲಿ ಕಂಕರವೆಂಬ ಸುಣ್ಣದ ಹರಳು ಸಿಕ್ಕರಂತೂ ಕೆಲಸ ಇನ್ನೂ ಸುಲಭ. ಆಳಕ್ಕೆ ಹೋದಷ್ಟೂ ನೀರು ಕಲ್ಲಿನೊಡನೆ ಕಳೆದ ಕಾಲ ಹೆಚ್ಚು, ಸಾಮಾನ್ಯವಾಗಿ ಕರಗಿದ ಲವಣವೂ ಹೆಚ್ಚು. ಸಾವಿರ ಅಡಿ ಕೊರೆದು ‘ನೀರು ಬಿತ್ತು’ ಎಂದು ತೆಂಗಿನಕಾಯಿ ಒಡೆಯುವವರು, ನೀರಿನ ಜೊತೆ ಕರಗಿದ ಕಲ್ಲನ್ನೂ ಮೇಲಕ್ಕೆಳೆದಿರುತ್ತಾರೆ.

ಐದನೆಯದು ಅಜ್ಞಾತಕುಲಜ, ಟ್ಯಾಂಕರಿನದು. ಗೋತ್ರ ಹೇಳಲು ಡ್ರೈವರ್ ಒಪ್ಪುವುದಿಲ್ಲ. ಒಂದೇ ಟ್ಯಾಂಕರ್ ಸೋಮವಾರ ತಂದ ನೀರಿಗೂ ಮಂಗಳವಾರ ತಂದದ್ದಕ್ಕೂ ದಾಯಾದಿ ಸಂಬಂಧ ಇರಬೇಕೆಂದಿಲ್ಲ. 2024ರ ಬೇಸಿಗೆಯಲ್ಲಿ ಊರಿನ ಬೋರ್‌ವೆಲ್ಲುಗಳು ಸಾಲುಸಾಲಾಗಿ ಬತ್ತಿದಾಗ ಈ ಕುಲದವರದೇ ರಾಜ್ಯಭಾರ. ಆಗ ಗಡಸೋ ಮೆದುವೋ ಎಂದು ಕೇಳಿದವರಿಲ್ಲ.

ಗಡಸುತನದ ಮಾನ ಹೀಗೆ: ಲೀಟರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಅಷ್ಟೇ ಪ್ರಭಾವವುಳ್ಳ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಲೆಕ್ಕ ತಿರುಗಿಸಿ ಮಿಲಿಗ್ರಾಮಿನಲ್ಲಿ ಹೇಳುವುದು. 60ರವರೆಗೆ ಮೆದು, 120ರವರೆಗೆ ಸಾಧಾರಣ, 180ರವರೆಗೆ ಗಡಸು, ಮೇಲಿನದೆಲ್ಲ ಅತಿಗಡಸು. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನಕ ಉದಾರಿ: 200 ಇದ್ದರೆ ಸ್ವೀಕಾರಾರ್ಹ, ಬೇರೆ ನೀರೇ ಇಲ್ಲವೆಂದರೆ 600ರ ತನಕ ಸಹ್ಯ. ಈ ‘ಬೇರೆ ನೀರೇ ಇಲ್ಲವೆಂದರೆ’ ಎಂಬ ಒಂದು ವಾಕ್ಯಖಂಡದ ನೆರಳಿನಲ್ಲಿ ಬಯಲುಸೀಮೆಯ ಎಷ್ಟೋ ಊರುಗಳು ವಾಸವಾಗಿವೆ.

ಲಕ್ಷಣ ಪ್ರಕರಣ

ಸೂತ್ರ: ಸೋಪಿನ ಮೌನದಿಂದ, ಸ್ಟೀಲಿನ ಬಿಳಿಚುಕ್ಕೆಯಿಂದ, ಬೇಳೆಯ ಹಠದಿಂದ ಗಡಸು ತಿಳಿಯುತ್ತದೆ.

ಸೋಪಿನ ಕೊಬ್ಬಿನಾಮ್ಲ ಕ್ಯಾಲ್ಸಿಯಮ್ಮನ್ನು ಕಂಡರೆ ಸೋಡಿಯಮ್ಮನ್ನು ಬಿಟ್ಟು ಅದರ ಕೈಹಿಡಿಯುತ್ತದೆ. ಹುಟ್ಟುವುದು ನೀರಿನಲ್ಲಿ ಕರಗದ ಬೂದು ಜಿಗುಟು; ಬಕೆಟ್ಟಿನ ಒಳಗೋಡೆಗೆ ಉಂಗುರ ಕಟ್ಟುವುದು ಅದೇ. ಇರುವ ಕ್ಯಾಲ್ಸಿಯಮ್ಮೆಲ್ಲ ಹೀಗೆ ತೀರಿದ ಮೇಲೆ ಉಳಿದ ಸೋಪಿಗೆ ಮಾತ್ರ ನೊರೆಯ ಭಾಗ್ಯ. ಬೇಳೆಯ ವಿಷಯದಲ್ಲಿ ಕನ್ನಡಿಗರಿಗೆ ಪಾಠ ಬೇಕಿಲ್ಲ. ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ನನ್ನು ಬಿಗಿಹಿಡಿದರೆ ಕುಕ್ಕರ್ ಎಷ್ಟು ಕೂಗಿದರೂ ಅದು ಕರಗಲೊಲ್ಲದು. ಚಿಟಿಕೆ ಅಡುಗೆ ಸೋಡಾ ಹಾಕುವ ಗೃಹಿಣಿ ಪುಸ್ತಕ ನೋಡದೆಯೇ ರಸಾಯನಶಾಸ್ತ್ರ ಮಾಡುತ್ತಾಳೆ.

ಕೂದಲುದುರುವುದನ್ನು ಈ ಲಕ್ಷಣಗಳಲ್ಲಿ ಸೇರಿಸಬೇಕೆಂದು ನಗರದ ಬಹುಮತ. ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ ಎಂಬುದನ್ನು ಒಪ್ಪಬಹುದು. ಬುಡಸಮೇತ ಕೀಳುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷ್ಯವಿಲ್ಲ. ಆದರೂ ಬೋಳುತಲೆಗೆ ಬೋರ್‌ವೆಲ್ಲನ್ನು ದೂರಿದಾಗ ಸಿಗುವ ಸಮಾಧಾನ ಅಜ್ಜನನ್ನು ದೂರಿದಾಗ ಸಿಗುವುದಿಲ್ಲವಾದ್ದರಿಂದ, ಈ ಮತವನ್ನು ಖಂಡಿಸದೆ ಮುಂದೆ ಹೋಗುವುದು ಲೇಸು.

ಒಳಭೇದ ಎರಡು. ಬೈಕಾರ್ಬೊನೇಟಿನೊಡನೆ ಬಂದ ಗಡಸುತನ ತಾತ್ಕಾಲಿಕ. ಕುದಿಸಿದರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಣ್ಣದ ಕಾರ್ಬೊನೇಟ್ ಕೂರುತ್ತದೆ. ಸಲ್ಫೇಟ್, ಕ್ಲೋರೈಡುಗಳೊಡನೆ ಬಂದದ್ದು ಶಾಶ್ವತ. ಎಷ್ಟು ಕುದಿಸಿದರೂ ಜಗ್ಗದು. ಶಾಲೆಯ ಪುಸ್ತಕಗಳು ಇಲ್ಲಿಗೇ ನಿಲ್ಲಿಸುತ್ತವೆ. ಅನುಭವಿಗಳು ಕಂಡದ್ದು ತಿರುಗುಮುರುಗು: ಗೀಸರಿನೊಳಗೆ ಪದರ ಪದರವಾಗಿ ಕಾಯಂ ಬೀಡುಬಿಡುವುದು ‘ತಾತ್ಕಾಲಿಕ’. ‘ಶಾಶ್ವತ’ವೆನಿಸಿಕೊಂಡದ್ದು ಕರಗಿದಂತೆಯೇ ಬಂದು ಕರಗಿದಂತೆಯೇ ಬಚ್ಚಲಿಗೆ ಹೋಗುತ್ತದೆ, ಯಾರಿಗೂ ಗೊತ್ತಾಗದಂತೆ.

ಪರೀಕ್ಷೆಗೆ ಎರಡು ಮಾರ್ಗ. ಹಳೆಯದು ಸೋಪಿನ ದ್ರಾವಣ ಹನಿಸಿ ನೊರೆ ನಿಲ್ಲುವ ತನಕ ಅಲ್ಲಾಡಿಸುವುದು. ಹೊಸದು ಇಡಿಟಿಎ ಎಂಬ ರಾಸಾಯನಿಕದ ದ್ರಾವಣ ಹನಿಸುವುದು; ಸೂಚಕ ಹಾಕಿದ ನೀರು ದ್ರಾಕ್ಷಾರಸದ ಕೆಂಪಿನಿಂದ ನೀಲಿಗೆ ತಿರುಗಿದ ಹನಿಯೇ ಲೆಕ್ಕದ ಕೊನೆ. ಪುಟ್ಟ ಸೀಸೆಗಳ ಕಿಟ್ಟಿನಲ್ಲಿ ಹನಿ ಎಣಿಸಿ ಮನೆಯಲ್ಲೇ ಇದನ್ನು ಮಾಡಬಹುದು. ಮೂರನೆಯದೊಂದು ಮಾರ್ಗವಿದೆ, ಕರಗಿದ ಒಟ್ಟು ಲವಣ ತೋರಿಸುವ ಟಿಡಿಎಸ್ ಮೀಟರು. ಅದು ಮಾರ್ಗವಲ್ಲ, ಅಡ್ಡದಾರಿ. ಏಕೆಂಬುದನ್ನು ಮುಂದೆ ಪೂರ್ವಪಕ್ಷದಲ್ಲಿ ವಿಸ್ತರಿಸಲಾಗುವುದು.

ಸಂಧಿ ಪ್ರಕರಣ

ಸೂತ್ರ: ಲೋಪ, ಆಗಮ, ಆದೇಶ ಎಂದು ಮೆದುಮಾಡುವ ಕ್ರಮ ಮೂರು.

ಪ್ರಾಥಮಿಕ ಶಾಲೆಯ ಕನ್ನಡ ಮೇಷ್ಟರು ಬೆತ್ತ ಹಿಡಿದು ಕಲಿಸಿದ ವ್ಯಾಕರಣ ವ್ಯರ್ಥವಲ್ಲ ಎಂಬುದಕ್ಕೆ ಇದೇ ಪ್ರಮಾಣ. ಎರಡು ಅಕ್ಷರ ಕೂಡುವಲ್ಲಿ ಒಂದು ಬಿದ್ದುಹೋದರೆ ಲೋಪ, ಹೊಸದೊಂದು ಬಂದು ಸೇರಿದರೆ ಆಗಮ, ಒಂದರ ಜಾಗಕ್ಕೆ ಇನ್ನೊಂದು ಬಂದು ಕೂತರೆ ಆದೇಶ. ನೀರಿನಲ್ಲಿಯೂ ಇಷ್ಟೇ ಸಾಧ್ಯ.

ಲೋಪ: ಗಡಸುತನವನ್ನು ನೀರಿನಿಂದ ಹೊರಹಾಕುವುದು. ಕುದಿಸಿ ಸುಣ್ಣ ಕೂರಿಸುವುದು ಗೃಹ್ಯ ಪದ್ಧತಿ. ಸುಣ್ಣವನ್ನೇ ಹಾಕಿ ಸುಣ್ಣ ತೆಗೆಯುವುದು ನಾಗರಿಕ ಪದ್ಧತಿ. 1841ರಲ್ಲಿ ಅಬರ್ಡೀನಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ಥಾಮಸ್ ಕ್ಲಾರ್ಕ್ ಇದಕ್ಕೆ ಪೇಟೆಂಟ್ ಪಡೆದ. ಥೇಮ್ಸ್ ನದಿಯ ನೀರು ಕುಡಿಯುವ ಲಂಡನ್ನಿಗರಿಗೆ ಸೋಪು ಉಳಿಸಿಕೊಡುವುದು ಅವನ ಆಸೆ. ನೀರಿಗೆ ಸುಣ್ಣ ಸುರಿದರೆ ನೀರಿನೊಳಗಿನ ಸುಣ್ಣ ಇಳಿದುಹೋಗುತ್ತದೆ ಎಂದು ಸಭೆಯಲ್ಲಿ ಹೇಳಿ ನಂಬಿಸುವುದು ಆಗ ಎಷ್ಟು ಕಷ್ಟವಾಗಿರಬೇಕೆಂದು, ಉಪ್ಪು ಸುರಿದರೆ ಮೆದುವಾಗುತ್ತದೆ ಎಂದು ಇಂದು ಹೇಳಬೇಕಾದ ಸಂಘದ ಕಾರ್ಯದರ್ಶಿಗೆ ಗೊತ್ತು. ಆರ್‌ಓ ಯಂತ್ರವೂ ಲೋಪವೇ. ಆದರೆ ಅದು ಒಂದು ಅಕ್ಷರ ಬಿಡಿಸಲು ಹೋಗಿ ಪದವನ್ನೇ ಅಳಿಸುವ ಜಾತಿಯದು, ಜೊತೆಗೆ ಒಳಬಂದ ನೀರಿನಲ್ಲಿ ದೊಡ್ಡ ಪಾಲನ್ನು ಚರಂಡಿಗೆ ದೂಡುತ್ತದೆ.

ಆಗಮ: ಏನನ್ನೂ ತೆಗೆಯದೆ, ಕ್ಯಾಲ್ಸಿಯಮ್ಮಿಗೆ ಕಾವಲು ಸೇರಿಸುವುದು. ಪಾಲಿಫಾಸ್ಫೇಟಿನಂಥ ದ್ರವ್ಯಗಳು ಅದನ್ನು ಸುತ್ತುಗಟ್ಟಿ, ಕೂರದಂತೆ ನೋಡಿಕೊಳ್ಳುತ್ತವೆ. ಬಾಯ್ಲರಿನವರಿಗೆ ಇದು ಚೆನ್ನಾಗಿ ಗೊತ್ತು.

ಇನ್ನು ವ್ಯಾಕರಣದಲ್ಲಿ ಪ್ರಕೃತಿಭಾವ ಎಂಬುದೊಂದಿದೆ. ಸಂಧಿಯಾಗಬೇಕಾದ ಜಾಗದಲ್ಲಿ ಏನೂ ಆಗದೆ, ಇದ್ದದ್ದು ಇದ್ದ ಹಾಗೆಯೇ ಉಳಿಯುವುದು. ಪೈಪಿನ ಮೇಲೆ ಆಯಸ್ಕಾಂತ ಕಟ್ಟುವ, ತಂತಿ ಸುತ್ತಿ ತರಂಗ ಹಾಯಿಸುವ ಸಾಧನಗಳೆಲ್ಲ ಈ ವರ್ಗಕ್ಕೆ ಸೇರಿದವು. ಮಾರುವವರು ಸುಣ್ಣದ ಹರಳಿನ ಆಕಾರ ಬದಲಾಗುತ್ತದೆ ಎನ್ನುತ್ತಾರೆ. ಆ ವಾದ ಮುಗಿದಿಲ್ಲ. ಇಡಿಟಿಎ ಹನಿಗಳನ್ನು ಎಣಿಸಿ ನೋಡಿದರೆ ಗಡಸುತನದ ಅಂಕಿ ಹಿಂದೆ ಎಷ್ಟೋ ಈಗಲೂ ಅಷ್ಟೇ. ಬದಲಾಗುವುದು ಬ್ಯಾಂಕಿನ ಬಾಕಿ ಒಂದೇ.

ಆದೇಶ: ಇದೇ ನಮ್ಮ ಪ್ರಕೃತ ವಿಷಯ. ಮಳೆ, ಕಾಲ ಕೂಡಿ ಮಳೆಗಾಲ. ಬೆಟ್ಟ, ತಾವರೆ ಕೂಡಿ ಬೆಟ್ಟದಾವರೆ. ಕ, ತ, ಪಗಳ ಜಾಗಕ್ಕೆ ಗ, ದ, ಬಗಳು. ವೈಯಾಕರಣರ ಪರಿಭಾಷೆಯಲ್ಲಿ ಪರುಷಗಳು ಹೋಗಿ ಸರಳಗಳು. ಅಂದರೆ ಒರಟು ಹೋಗಿ ಮೆದು ಬಂತು. ಆದರೆ ಗಮನಿಸಿ, ಜಾಗ ಖಾಲಿಯಾಗಲಿಲ್ಲ. ಈ ಒಂದು ಮಾತನ್ನು ಸಾಫ್ಟ್‌ನರ್ ಇಟ್ಟುಕೊಂಡವರು ನೆನಪಿಟ್ಟರೆ ಅರ್ಧ ಜಗಳ ತಪ್ಪುತ್ತದೆ: ಆದೇಶವೆಂದರೆ ಲೋಪವಲ್ಲ.

ಆದೇಶದ ಒಳಗುಟ್ಟು

ಉದ್ದನೆಯ ಫೈಬರ್ ಪಾತ್ರೆಯೊಳಗೆ ಜೇನುಬಣ್ಣದ ಸಣ್ಣ ಮಣಿಗಳು ತುಂಬಿರುತ್ತವೆ. ಒಂದೊಂದೂ ಒಂದು ಮಿಲಿಮೀಟರಿನ ಆಸುಪಾಸು, ಬಹುಪಾಲು ಅದಕ್ಕೂ ಚಿಕ್ಕವು. ಇದೇ ರೆಸಿನ್. ಪಾಲಿಸ್ಟೈರೀನಿನ ಎಳೆಗಳನ್ನು ಡೈವಿನೈಲ್‌ಬೆಂಜೀನಿನಿಂದ ಅಲ್ಲಲ್ಲಿ ಹೊಲಿದು ಮಾಡಿದ ಬಲೆ; ಹೊಲಿಗೆಯ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ 8. ಬಲೆಯ ಉದ್ದಕ್ಕೂ ಸಲ್ಫೋನೇಟ್ ಗುಂಪುಗಳು ಭದ್ರವಾಗಿ ಅಂಟಿಕೊಂಡಿವೆ. ಅವು ಋಣಾವೇಶದವು, ಜಾಗ ಬಿಟ್ಟು ಕದಲುವಂತಿಲ್ಲ. ಪ್ರತಿ ಗುಂಪಿನ ಪಕ್ಕದಲ್ಲೂ ಒಂದು ಸೋಡಿಯಂ. ಗಡಸು ನೀರು ಮೇಲಿನಿಂದ ಇಳಿದಾಗ ಕ್ಯಾಲ್ಸಿಯಂ ಬಂದು ಎರಡು ಗುಂಪುಗಳನ್ನು ಒಟ್ಟಿಗೆ ಹಿಡಿಯುತ್ತದೆ, ಎರಡು ಸೋಡಿಯಂ ನೀರಿಗೆ ಇಳಿಯುತ್ತವೆ. ವ್ಯಾಕರಣದಲ್ಲಿ ಸ್ಥಾನಿ, ಅಂದರೆ ಜಾಗ ಬಿಟ್ಟುಕೊಡುವ ಅಕ್ಷರ, ಒಂದಾದರೆ ಆದೇಶವೂ ಸಾಮಾನ್ಯವಾಗಿ ಒಂದೇ. ಇಲ್ಲಿ ಒಬ್ಬನ ಜಾಗಕ್ಕೆ ಇಬ್ಬರು. ವಿದ್ಯುದಾವೇಶದ ಲೆಕ್ಕ ತಪ್ಪುವಂತಿಲ್ಲವಲ್ಲ.

ರೆಸಿನ್ನಿಗೂ ಪಂಕ್ತಿಭೇದ ಇದೆ. ಬೇರಿಯಂ ಮೊದಲ ಮಣೆ, ಆಮೇಲೆ ಕ್ಯಾಲ್ಸಿಯಂ, ಆಮೇಲೆ ಮೆಗ್ನೀಸಿಯಂ, ತುಸು ಕೆಳಗೆ ಪೊಟ್ಯಾಸಿಯಂ, ಅದಕ್ಕೂ ಕೆಳಗೆ ಸೋಡಿಯಂ, ಅದರ ಕೆಳಗೆ ಹೈಡ್ರೋಜನ್. ಮೇಲಿನವರು ಬಂದರೆ ಕೆಳಗಿನವರು ಏಳಬೇಕು. ಹಾಗಿದ್ದರೆ ಒಮ್ಮೆ ಕೂತ ಕ್ಯಾಲ್ಸಿಯಮ್ಮನ್ನು ಬಡ ಸೋಡಿಯಂ ಎಬ್ಬಿಸುವುದು ಹೇಗೆ? ಸಂಖ್ಯಾಬಲದಿಂದ. ನೂರಕ್ಕೆ ಹತ್ತರಷ್ಟು ಗಾಢವಾದ ಉಪ್ಪುನೀರು ಹರಿಸಿದಾಗ ಪಂಕ್ತಿಯ ಕಟ್ಟಳೆ ಸಡಿಲವಾಗುತ್ತದೆ, ಗುಂಪಿನ ನುಗ್ಗಾಟದಲ್ಲಿ ಕ್ಯಾಲ್ಸಿಯಂ ಎದ್ದುಹೋಗುತ್ತದೆ. ತೆಳು ನೀರಿನಲ್ಲಿ ಜಾತಿ ಗೆಲ್ಲುತ್ತದೆ, ಗಾಢ ನೀರಿನಲ್ಲಿ ಜನಸಂಖ್ಯೆ ಗೆಲ್ಲುತ್ತದೆ.

ಈ ಎಬ್ಬಿಸುವ ಕರ್ಮಕ್ಕೆ ರೀಜನರೇಷನ್ ಎಂದು ಹೆಸರು. ಅಪಾರ್ಟ್‌ಮೆಂಟಿನಲ್ಲಿ ಅಷ್ಟಕ್ಕೂ ಒಟ್ಟಾಗಿ ‘ಬ್ಯಾಕ್‌ವಾಷ್’ ಎನ್ನುತ್ತಾರೆ. ಶಾಸ್ತ್ರದಂತೆ ಬ್ಯಾಕ್‌ವಾಷ್ ಮೊದಲ ಅಂಗ ಮಾತ್ರ: ಕೆಳಗಿನಿಂದ ನೀರು ನುಗ್ಗಿಸಿ ಮಣಿಗಳನ್ನು ಕುಣಿಸಿ, ಸಿಕ್ಕಿಕೊಂಡ ಮಣ್ಣು ಕಳೆಯುವುದು. ಎರಡನೆಯದು ಉಪ್ಪುನೀರನ್ನು ಅರ್ಧ ಗಂಟೆಯಷ್ಟು ನಿಧಾನಕ್ಕೆ ಹಾಯಿಸುವುದು. ಮೂರನೆಯದು ಅದೇ ನಿಧಾನದಲ್ಲಿ ತೊಳೆಯುವುದು, ನಾಲ್ಕನೆಯದು ಬಿರುಸಿನಿಂದ ತೊಳೆಯುವುದು. ನಸುಕಿನಲ್ಲಿ ನಿದ್ದೆಗಣ್ಣಿನ ಆಪರೇಟರ್ ಎರಡನೆಯದನ್ನು ಹತ್ತು ನಿಮಿಷಕ್ಕೆ ಮುಗಿಸಿದರೆ ರೆಸಿನ್ ಅರ್ಧ ಮಾತ್ರ ಚಿಗುರುತ್ತದೆ. ಅಂದು ಸಂಜೆಗೆ ಮೂರನೇ ಮಹಡಿಯವರ ಸೋಪು ಮೌನ ತಾಳುತ್ತದೆ, ವಾಟ್ಸ್‌ಆ್ಯಪ್ ಮಾತ್ರ ಮೌನ ಮುರಿಯುತ್ತದೆ.

ಗುರುಪರಂಪರೆ

ಆದೇಶ ಮೊದಲು ಕಂಡದ್ದು ನೀರಿನಲ್ಲಲ್ಲ, ಮಣ್ಣಿನಲ್ಲಿ. ಯಾರ್ಕ್‌ಷೈರಿನ ಜಮೀನುದಾರ ಎಚ್. ಎಸ್. ಥಾಂಪ್ಸನ್‌ಗೆ ಗೊಬ್ಬರದ ಅಮೋನಿಯಾ ಮಳೆಗೆ ಕೊಚ್ಚಿಹೋಗುತ್ತದೆಯೇ ಎಂಬ ಚಿಂತೆ. ಮಣ್ಣು ತುಂಬಿದ ಕೊಳವೆಯ ಮೇಲೆ ಅಮೋನಿಯಂ ಸಲ್ಫೇಟ್ ಸುರಿದ. ಕೆಳಗೆ ಇಳಿದದ್ದು ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಮಣ್ಣು ಅಮೋನಿಯಾ ಇಟ್ಟುಕೊಂಡು ಕ್ಯಾಲ್ಸಿಯಂ ಕೊಟ್ಟಿತ್ತು. ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ ರಸಾಯನಜ್ಞ ಜೆ. ಥಾಮಸ್ ವೇ ಇದನ್ನು ಕೂಲಂಕಷವಾಗಿ ಶೋಧಿಸಿ 1850ರಲ್ಲಿ ಪ್ರಕಟಿಸಿದ. ಈ ಬದಲಾವಣೆ ಹಿಂತಿರುಗದು ಎಂಬುದು ಅವನ ನಿಲುವು. 1858ರಲ್ಲಿ ಜರ್ಮನಿಯ ಐಕ್‌ಹಾರ್ನ್ ಜಿಯೊಲೈಟ್ ಖನಿಜಗಳ ಮೇಲೆ ಪ್ರಯೋಗ ಮಾಡಿ, ಹಿಂತಿರುಗುತ್ತದೆ ಎಂದು ತೋರಿಸಿದ. ಹಿಂತಿರುಗದಿದ್ದರೆ ಉಪ್ಪಿನ ಚೀಲಕ್ಕೆ ಕೆಲಸವೇ ಇರುತ್ತಿರಲಿಲ್ಲ. 20ನೇ ಶತಮಾನದ ಮೊದಲ ದಶಕದಲ್ಲಿ ಬರ್ಲಿನ್ನಿನ ರಾಬರ್ಟ್ ಗಾನ್ಸ್ ಕೃತಕ ಜಿಯೊಲೈಟ್ ಮಾಡಿ ನೀರಿನ ಕೆಲಸಕ್ಕಿಳಿಸಿದ.

ಮುಂದಿನದು ಈ ಪರಂಪರೆಯ ರಸವತ್ತಾದ ಘಟ್ಟ. ಇಂಗ್ಲೆಂಡಿನ ಟೆಡಿಂಗ್ಟನ್‌ನ ಪ್ರಯೋಗಾಲಯದಲ್ಲಿ ಆಡಮ್ಸ್ ಮತ್ತು ಹೋಮ್ಸ್ ಪುಡಿಯಾದ ಗ್ರಾಮಫೋನ್ ತಟ್ಟೆಗೆ ಅಯಾನು ಹಿಡಿಯುವ ಗುಣವಿರುವುದನ್ನು ಕಂಡರಂತೆ. ಅದು ಕಥೆಯೋ ಇತಿಹಾಸವೋ, 1935ರಲ್ಲಿ ಅವರು ಫೀನಾಲಿನಿಂದ ಕೃತಕ ರೆಸಿನ್ ಮಾಡಿದ್ದು ಇತಿಹಾಸವೇ. ಜನರಲ್ ಎಲೆಕ್ಟ್ರಿಕ್‌ನ ಡಿ’ಅಲೆಲಿಯೋಗೆ 1944ರಲ್ಲಿ ಸ್ಟೈರೀನ್ ರೆಸಿನ್ನಿನ ಪೇಟೆಂಟ್ ದೊರೆಯಿತು. ನಮ್ಮ ನೆಲಮಾಳಿಗೆಯ ಪಾತ್ರೆಯಲ್ಲಿರುವುದು ಆ ವಂಶದ್ದೇ ಕುಡಿ.

ಪೂರ್ವಪಕ್ಷ, ಸಿದ್ಧಾಂತ

ಪೂರ್ವಪಕ್ಷ ಒಂದು: ‘ಲಕ್ಷಗಟ್ಟಲೆ ಸುರಿದು ಸಾಫ್ಟ್‌ನರ್ ಹಾಕಿಸಿದೆವು. ನನ್ನ ಹತ್ತಿರ ಟಿಡಿಎಸ್ ಮೀಟರ್ ಇದೆ. ಮೊದಲು 800 ಇತ್ತು, ಈಗಲೂ 800. ಕಮಿಟಿ ದುಡ್ಡು ತಿಂದಿದೆ.’

ಸಿದ್ಧಾಂತ: ತಿಂದಿರಬಹುದು, ಆದರೆ ಇದು ಅದಕ್ಕೆ ಸಾಕ್ಷಿಯಲ್ಲ. ಕೈಮೀಟರು ಅಳೆಯುವುದು ನೀರು ವಿದ್ಯುತ್ತನ್ನು ಎಷ್ಟು ಸಾಗಿಸುತ್ತದೆ ಎಂಬುದನ್ನು. ಅದನ್ನು ಒಂದು ಗುಣಕದಿಂದ ಗುಣಿಸಿ ಅಂಕಿ ತೋರಿಸುತ್ತದೆ. ಅದು ತಲೆ ಎಣಿಸುತ್ತದೆ, ಕುಲ ಕೇಳುವುದಿಲ್ಲ. 40 ತೂಕದ ಒಂದು ಕ್ಯಾಲ್ಸಿಯಂ ಹೋಗಿ 23 ತೂಕದ ಎರಡು ಸೋಡಿಯಂ ಬಂದರೆ ಒಟ್ಟು ತೂಕ 46. ಅಂದರೆ ಸಾಫ್ಟ್‌ನರ್ ಸರಿಯಾಗಿ ಕೆಲಸ ಮಾಡಿದಾಗ ಕರಗಿದ ಲವಣದ ತೂಕ ಕಡಿಮೆಯಾಗುವುದಿರಲಿ, ಕೂದಲೆಳೆಯಷ್ಟು ಏರಬೇಕು. ಟಿಡಿಎಸ್ ಇಳಿದಿದ್ದರೆ ಆಗ ಅನುಮಾನಪಡಬೇಕು; ಯಾರೋ ರಾತ್ರಿ ಕಾವೇರಿ ಬೆರೆಸಿದ್ದಾರೆ. ಈ ಮಾತನ್ನು ಸಭೆಯಲ್ಲಿ ಎಷ್ಟು ಸಲ ಹೇಳಿದರೂ ಮುಂದಿನ ಸಭೆಗೆ ಮೀಟರು ಹಿಡಿದ ಇನ್ನೊಬ್ಬರು ಬರುತ್ತಾರೆ. ಮೀಟರ್ ಅಗ್ಗವಾದಷ್ಟೂ ಶಾಸ್ತ್ರ ದುಬಾರಿಯಾಗುತ್ತದೆ.

ಪೂರ್ವಪಕ್ಷ ಎರಡು: ‘ಅಷ್ಟೊಂದು ಉಪ್ಪು ಹಾಕಿದ ಮೇಲೆ ನೀರು ಉಪ್ಪಾಗದೆ?’

ಸಿದ್ಧಾಂತ: ಉಪ್ಪೆಂದರೆ ಸೋಡಿಯಂ ಮತ್ತು ಕ್ಲೋರೈಡ್, ಜೋಡಿ. ಇಲ್ಲಿ ಜೋಡಿ ಒಡೆದುಹೋಗಿದೆ. ಕ್ಲೋರೈಡ್ ಅಷ್ಟೂ ರೆಸಿನ್ ತೊಳೆದ ನೀರಿನೊಡನೆ ಚರಂಡಿಗೆ ಹೋಯಿತು. ನಲ್ಲಿಗೆ ಬಂದದ್ದು ಸೋಡಿಯಂ ಒಂದೇ, ನೀರಿನಲ್ಲಿ ಮೊದಲಿನಿಂದಲೂ ಇದ್ದ ಬೈಕಾರ್ಬೊನೇಟನ್ನು ಕೂಡಿಕೊಂಡು. ಅಂದರೆ ತಾತ್ಕಾಲಿಕ ಗಡಸುತನದ ನೀರು ಸಾಫ್ಟ್‌ನರಿನಿಂದ ಹೊರಬರುವಾಗ ತೆಳುವಾದ ಅಡುಗೆ ಸೋಡಾ ನೀರಾಗಿರುತ್ತದೆ. ಬೇಳೆ ಬೇಗ ಬೇಯುತ್ತದೆ, ಚಹಾ ಕಪ್ಪಾಗುತ್ತದೆ, ಅನ್ನ ಒಂದು ಛಾಯೆ ಹಳದಿಗೆ ತಿರುಗುತ್ತದೆ. ಕಾಫಿಯ ವಿಷಯ ಬರೆಯಲು ಕೈ ನಡುಗುತ್ತದೆ.

ಪೂರ್ವಪಕ್ಷ ಮೂರು: ‘ಮಿಂದಮೇಲೆ ಮೈ ಜಾರುತ್ತದೆ, ಸೋಪು ಹೋಗಲೇ ಇಲ್ಲ.’

ಸಿದ್ಧಾಂತ: ಗಡಸು ನೀರಿನಲ್ಲಿ ರೂಢಿಯಾದಷ್ಟೇ ಸೋಪು ಹಾಕಿಕೊಂಡಿದ್ದೀರಿ. ಕಾಲು ಪಾಲು ಸಾಕು. ಆಗಲೂ ಜಾರಿದರೆ ಬೈಪಾಸ್ ವಾಲ್ವನ್ನು ತುಸು ತೆರೆದು ಗಡಸುತನ 50ರಿಂದ 100ರ ನಡುವೆ ಉಳಿಯುವಂತೆ ಬೆರೆಸಿ. ಪೂರ್ತಿ ಸೊನ್ನೆಗೆ ಇಳಿಸುವುದು ಬಾಯ್ಲರಿನ ಆಚಾರ, ಬಚ್ಚಲಿನದಲ್ಲ.

ಪೂರ್ವಪಕ್ಷ ನಾಲ್ಕು: ‘ಸಾಫ್ಟ್‌ನರ್ ಇದ್ದಮೇಲೆ ನೀರು ಶುದ್ಧವಾಯಿತಲ್ಲ, ಕುಡಿಯಬಹುದೇ?’

ಇದಕ್ಕೆ ಸಿದ್ಧಾಂತ ನಗುವಿನ ಮಾತಲ್ಲ. ಈ ರೆಸಿನ್ ಧನಾವೇಶದ ಅಯಾನುಗಳನ್ನು ಮಾತ್ರ ಮುಟ್ಟುತ್ತದೆ. ಪಾವಗಡ, ಕೋಲಾರದ ಕಡೆಯ ಅಂತರ್ಜಲವನ್ನು ಕಾಡುವ ಫ್ಲೋರೈಡ್ ಋಣಾವೇಶದ್ದು, ನೈಟ್ರೇಟೂ ಹಾಗೆಯೇ. ಅವು ರೆಸಿನ್ನಿನ ನಡುವೆ ತಲೆ ತಗ್ಗಿಸದೆ ನಡೆದು ಆಚೆ ಬರುತ್ತವೆ. ಸೂಕ್ಷ್ಮಾಣುಗಳಿಗೆ ಮಣಿಗಳು ಮನೆಯಾದರೂ ಆದಾವು. ಗಡಸುತನವಾದರೋ ಆರೋಗ್ಯಕ್ಕೆ ಕೇಡೆಂದು ವಿಶ್ವ ಆರೋಗ್ಯ ಸಂಸ್ಥೆ ಯಾವ ಮಿತಿಯನ್ನೂ ಹಾಕಿಲ್ಲ. ಇತ್ತ ಸೋಡಿಯಮ್ಮಿನ ಲೆಕ್ಕ ನೋಡಿ: 100 ಮಿಲಿಗ್ರಾಂ ಗಡಸುತನ ತೆಗೆದಲ್ಲೆಲ್ಲ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. 400ರ ಗಡಸುತನವಿದ್ದ ನೀರು ಲೀಟರಿಗೆ 184 ಮಿಲಿಗ್ರಾಂ ಹೆಚ್ಚುವರಿ ಸೋಡಿಯಂ ಹೊತ್ತು ಬರುತ್ತದೆ. ದಿನಕ್ಕೆ ಎರಡು ಲೀಟರ್ ಕುಡಿದರೆ ಸುಮಾರು ಒಂದು ಗ್ರಾಂ ಉಪ್ಪಿಗೆ ಸಮ. ರಕ್ತದೊತ್ತಡಕ್ಕೆಂದು ಉಪ್ಪಿನಕಾಯಿ ಬಿಟ್ಟವರು ಇದನ್ನು ತಿಳಿದಿರಬೇಕು. ಅಡುಗೆಮನೆಯ ಒಂದು ನಲ್ಲಿಯನ್ನು ಸಾಫ್ಟ್‌ನರಿನಿಂದ ಹೊರಗಿಡುವುದು, ಅಥವಾ ಅದರ ಮುಂದೆ ಆರ್‌ಓ ಇಡುವುದು ಉಪಾಯ.

ದೋಷಗಳಲ್ಲಿ ಇನ್ನೆರಡು ಮಾತ್ರ ಹೇಳಬೇಕಾದವು. ಬೋರ್ ನೀರಿನಲ್ಲಿ ಕಬ್ಬಿಣವಿದ್ದರೆ ಅದು ಮಣಿಗಳ ಒಳಗೆ ತುಕ್ಕಾಗಿ ಕೂತು, ಉಪ್ಪಿಗೂ ಏಳದಾಗುತ್ತದೆ. ಕ್ಲೋರಿನ್ ಹೆಚ್ಚಾದರೆ ಬಲೆಯ ಹೊಲಿಗೆ ಬಿಟ್ಟುಕೊಂಡು ಮಣಿಗಳು ಉಬ್ಬುತ್ತವೆ.

ಗತಿ ಪ್ರಕರಣ

ಸೂತ್ರ: ಎದ್ದುಹೋದ ಸ್ಥಾನಿ ಎಲ್ಲಿಗೆ ಹೋಯಿತೆಂದು ವೈಯಾಕರಣ ಕೇಳುವುದಿಲ್ಲ, ಜಲಶಾಸ್ತ್ರಜ್ಞ ಕೇಳಬೇಕು.

ಮಳೆಗಾಲದ ‘ಕ’ ಎಲ್ಲಿಗೆ ಹೋಯಿತೋ ಯಾರಿಗೂ ನಷ್ಟವಿಲ್ಲ. ಕ್ಯಾಲ್ಸಿಯಂ ಹಾಗಲ್ಲ. ಲೆಕ್ಕ ಹಾಕೋಣ. 400ರ ಗಡಸುತನದ ಸಾವಿರ ಲೀಟರ್ ನೀರಿನಲ್ಲಿ ತೆಗೆಯಬೇಕಾದ್ದು 400 ಗ್ರಾಂ. ಪುಸ್ತಕದ ಪ್ರಕಾರ ಇದಕ್ಕೆ 468 ಗ್ರಾಂ ಉಪ್ಪು ಸಾಕು. ಸಂಖ್ಯಾಬಲದಿಂದ ಗೆಲ್ಲಬೇಕಾದ್ದರಿಂದ ವ್ಯವಹಾರದಲ್ಲಿ ಅದರ ಎರಡು ಪಟ್ಟಾದರೂ ಬೇಕು, ಹತ್ತಿರ ಹತ್ತಿರ ಒಂದು ಕಿಲೋ. ನೂರು ಮನೆಗಳ ಕಟ್ಟಡ, ಮನೆಗೆ ದಿನಕ್ಕೆ 400 ಲೀಟರ್ ಎಂದರೆ 40 ಸಾವಿರ ಲೀಟರ್, 40 ಕಿಲೋ ಉಪ್ಪು. ವರ್ಷಕ್ಕೆ 14 ಟನ್ನಿಗೂ ಹೆಚ್ಚು. ಉಪ್ಪಿನ ಲಾರಿ ಒಳಗೆ ಬರುವುದನ್ನು ಸೆಕ್ಯುರಿಟಿಯವರು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಹೊರಗೆ ಹೋಗುವುದನ್ನು ಬರೆಯುವವರಿಲ್ಲ. ಆದರೆ ಒಂದು ಗ್ರಾಮೂ ಒಳಗೆ ಉಳಿಯುವುದಿಲ್ಲ. ಸೋಡಿಯಮ್ಮಿನ ಅರ್ಧದಷ್ಟು ನಲ್ಲಿಗಳ ಮೂಲಕ ಬಚ್ಚಲು ಸೇರುತ್ತದೆ. ಉಳಿದದ್ದು, ಕ್ಲೋರೈಡ್ ಪೂರ್ತಿ, ಎಬ್ಬಿಸಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ರೀಜನರೇಷನ್ ನೀರಿನಲ್ಲಿ ಚರಂಡಿಗೆ.

ಚರಂಡಿ ಎಂದರೆ ಹೆಚ್ಚಿನ ಕಟ್ಟಡಗಳಲ್ಲಿ ತಮ್ಮದೇ ಕೊಳಚೆ ನೀರಿನ ಶುದ್ಧೀಕರಣ ಘಟಕ, ಎಸ್‌ಟಿಪಿ. ಅದರ ಸೂಕ್ಷ್ಮಜೀವಿಗಳು ಮಲಿನವನ್ನು ತಿನ್ನುತ್ತವೆ, ಉಪ್ಪನ್ನು ಮೂಸುವುದೂ ಇಲ್ಲ. ಊರಿನ ದೊಡ್ಡ ಎಸ್‌ಟಿಪಿಗಳ ಎರಡನೆಯ ಹಂತದ ಶುದ್ಧೀಕರಣದ ಕಥೆಯೂ ಇದೇ. ಅಲ್ಲಿಂದ ಹೊರಟ ನೀರು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಬತ್ತಿದ ಕೆರೆಗಳು ತುಂಬಿದ್ದು ದೊಡ್ಡ ಸಂಗತಿ. ಆ ನೀರಿನ ಶುದ್ಧತೆಯ ವಾದ ನ್ಯಾಯಾಲಯದ ತನಕ ಹೋಗಿ ಬಂದದ್ದು ಎಲ್ಲರಿಗೂ ಗೊತ್ತು. ಆ ವಾದದಲ್ಲಿ ಸಾಫ್ಟ್‌ನರಿನ ಉಪ್ಪಿನ ಹೆಸರು ಯಾರ ಬಾಯಲ್ಲೂ ಅಷ್ಟಾಗಿ ಬಂದಂತಿಲ್ಲ, ಅದು ಮೆದುವಾಗಿ ಜಾರಿಕೊಳ್ಳುವ ಜಾತಿಯದು.

ಮಣ್ಣಿನಲ್ಲಿ ಸೋಡಿಯಂ ಮಾಡುವುದೇನು? ಥಾಂಪ್ಸನ್‌ನ ಕೊಳವೆಯಲ್ಲಿ ಆದದ್ದೇ. ಜೇಡಿಯ ಕಣಗಳೂ ಋಣಾವೇಶದವು, ಅವೂ ರೆಸಿನ್ನೇ, ಭೂಮಿ ತಯಾರಿಸಿದ್ದು. ಕ್ಯಾಲ್ಸಿಯಂ ಇದ್ದಾಗ ಜೇಡಿ ಗುಂಪುಗಟ್ಟಿ, ನಡುವೆ ಗಾಳಿ ನೀರಿಗೆ ದಾರಿ ಬಿಟ್ಟಿರುತ್ತದೆ. ಸೋಡಿಯಂ ಬಂದು ಕೂತರೆ ಕಣಗಳು ಬಿಡಿಬಿಡಿಯಾಗಿ ಚದುರಿ ದಾರಿ ಮುಚ್ಚುತ್ತವೆ. ಮೇಲೆ ನೀರು ನಿಲ್ಲುತ್ತದೆ, ಒಣಗಿದರೆ ಗಟ್ಟಿಯಾಗಿ ಬಿರಿಯುತ್ತದೆ. ನಮ್ಮ ರೈತರು ಚೌಳು, ಕರ್ಲು ಎನ್ನುವುದು ಇದನ್ನೇ. ತುಂಗಭದ್ರಾ ಅಚ್ಚುಕಟ್ಟಿನ ಕಪ್ಪುನೆಲದವರಿಗೆ ಇದು ಮನೆಮಾತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಲವಣಪೀಡಿತ ಮಣ್ಣಿನ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿದೆ. ಇಂಥ ನೆಲಕ್ಕೆ ಮದ್ದು ಜಿಪ್ಸಂ. ಜಿಪ್ಸಮ್ಮಿನ ಕ್ಯಾಲ್ಸಿಯಂ ಸೋಡಿಯಮ್ಮನ್ನು ಎಬ್ಬಿಸಿ ತಾನು ಕೂರುತ್ತದೆ, ನೀರು ಹಾಯಿಸಿ ಸೋಡಿಯಮ್ಮನ್ನು ಬಸಿದು ಕಳಿಸಬೇಕು. ಅಂದರೆ ಸಾಫ್ಟ್‌ನರಿನಲ್ಲಿ ನಡೆದ ಆದೇಶವನ್ನು ರೈತ ಹೊಲದಲ್ಲಿ ಹಿಂದುಮುಂದು ಮಾಡುತ್ತಾನೆ.

ಅಪಾರ್ಟ್‌ಮೆಂಟಿನ ತೋಟಕ್ಕೆ ಹಾಯುವುದೂ ಎಸ್‌ಟಿಪಿಯ ನೀರೇ. ಅದರೊಡನೆ ಹೋಗುವ ಉಪ್ಪನ್ನು ತಗ್ಗಿಸಲು ದಾರಿಗಳಿವೆ. ಗಡಿಯಾರ ನೋಡಿ ರೀಜನರೇಷನ್ ಮಾಡುವ ಬದಲು ಹರಿದ ನೀರನ್ನು ಅಳೆದು ಮಾಡಬಹುದು. ಟಾಯ್ಲೆಟ್ ಫ್ಲಶ್ಶಿಗೂ ಗಿಡಕ್ಕೂ ಬೋರ್ ನೀರನ್ನೇ ಬಿಟ್ಟು, ಸ್ನಾನಕ್ಕೂ ಬಟ್ಟೆಗೂ ಮಾತ್ರ ಮೆದು ನೀರು ಕೊಡಬಹುದು. ಚಾವಣಿಯ ಮಳೆನೀರನ್ನು ಸಂಪಿಗೆ ಇಳಿಸಿ ಗಡಸುತನವನ್ನೇ ತೆಳುವಾಗಿಸಬಹುದು. ಇವೆಲ್ಲ ಪ್ಲಂಬಿಂಗ್ ಬದಲಿಸುವ ಮಾತಾದ್ದರಿಂದ ಸರ್ವಸದಸ್ಯರ ಸಭೆಗೆ ಮುಂದೂಡಲ್ಪಡುತ್ತವೆ. ಅಷ್ಟರಲ್ಲಿ ಹುಲ್ಲುಹಾಸು ಅಲ್ಲಲ್ಲಿ ಸುಟ್ಟಂತಾಗಿ, ಮಣ್ಣು ಗಟ್ಟಿಯಾಗಿ, ಮಾಲಿ ಎರಡು ಚೀಲ ಜಿಪ್ಸಂ ತರಿಸಿಕೊಳ್ಳುತ್ತಾನೆ. ಕ್ಯಾಲ್ಸಿಯಂ ತೆಗೆಯಲು ತಂದ ಉಪ್ಪಿನ ಬಿಲ್ಲು ‘ನೀರು ನಿರ್ವಹಣೆ’ ಎಂಬ ಲೆಕ್ಕದಲ್ಲಿ, ಕ್ಯಾಲ್ಸಿಯಂ ಹಾಕಲು ತಂದ ಜಿಪ್ಸಮ್ಮಿನ ಬಿಲ್ಲು ‘ಉದ್ಯಾನ’ ಎಂಬ ಲೆಕ್ಕದಲ್ಲಿ ಬರುತ್ತವೆ. ಖಜಾಂಚಿ ಎರಡಕ್ಕೂ ಬೇರೆ ಬೇರೆ ಪುಟದಲ್ಲಿ ಸಹಿ ಹಾಕುತ್ತಾರೆ.